ಉರಿದರೇ ಗ್ಯಾಸ್‌ಲೈಟಿಗೆ ಬೆಲೆ

ಕರಾವಳಿಯ ಹಳೆಯ ಮನೆಗಳ ಅಟ್ಟದಲ್ಲಿ, ಹಂಡೆ ಕೊಪ್ಪರಿಗೆಗಳ ನಡುವೆ, ಮಸಿ ಹಿಡಿದ ಸೀಮೆಎಣ್ಣೆಯ ಗ್ಯಾಸ್‌ಲೈಟೊಂದು ಇಂದಿಗೂ ಸಿಗುವುದುಂಟು. ಬೆಂಗಳೂರಿನ ಬೀದಿಗಳಿಗೆ 1905ರಲ್ಲೇ ವಿದ್ಯುತ್ ದೀಪ ಬಂತು. ಹಳ್ಳಿಗಳು ಮಾತ್ರ ಆಮೇಲೂ ಹಲವು ದಶಕ ಸೀಮೆಎಣ್ಣೆಯನ್ನೇ ನಂಬಿದ್ದವು. ಮದುವೆಯ ದಿಬ್ಬಣ, ಕೋಲ, ಯಕ್ಷಗಾನ ಎಂದರೆ ಗ್ಯಾಸ್‌ಲೈಟ್ ಬೇಕೇ ಬೇಕಿತ್ತು. ಅಂಥ ದೀಪಗಳನ್ನು ಹುಡುಕಿ, ದುರಸ್ತಿ ಮಾಡಿ, ಮತ್ತೆ ಉರಿಸುವ ಸಂಗ್ರಾಹಕರು ಇಂದು ಜಗತ್ತಿನ ಹಲವೆಡೆ ಇದ್ದಾರೆ.

ಗ್ಯಾಸ್‌ಲೈಟಿನ ಬೆಳಕಿನ ಗುಟ್ಟು ಮ್ಯಾಂಟಲ್‌ನಲ್ಲಿ, ಅಂದರೆ ಉರಿಯಲ್ಲಿ ಕಾದು ಬೆಳಗುವ ಪುಟ್ಟ ಬಲೆಯಲ್ಲಿದೆ. ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. 1891ರ ಹೊತ್ತಿಗೆ ಶೇ 99 ಥೋರಿಯಂ ಆಕ್ಸೈಡ್, ಶೇ 1 ಸೀರಿಯಂ ಆಕ್ಸೈಡ್ ಎಂಬ ಹದ ಕಂಡುಕೊಂಡ. ಆ ಥೋರಿಯಂಗೆ ನಮ್ಮ ಕಡಲತೀರದ ನಂಟೂ ಇದೆ. ತಿರುವಾಂಕೂರು ಸೀಮೆಯ ಮಣವಾಳಕುರಿಚಿಯ ಮರಳಿನಲ್ಲಿದ್ದ, ಥೋರಿಯಂ ಸಿಗುವ ಮೊನಜೈಟ್ ಖನಿಜವನ್ನು 1909ರ ಸುಮಾರಿಗೆ ಜರ್ಮನಿಯ ಶೋಂಬರ್ಗ್ ಗುರುತಿಸಿದ ಮೇಲೆ, ಅದು ಮ್ಯಾಂಟಲ್ ತಯಾರಿಕೆಗೆಂದು ಹಡಗೇರಿತು. ಅದೇ ಕಾಲಕ್ಕೆ ಬರ್ಲಿನ್ನಿನ ಎಹ್ರಿಶ್ ಆ್ಯಂಡ್ ಗ್ರೇಟ್ಜ್ ಕಂಪನಿ ಪೆಟ್ರೋಮ್ಯಾಕ್ಸ್ ಎಂಬ ಗ್ಯಾಸ್‌ಲೈಟನ್ನು ಮಾರುಕಟ್ಟೆಗೆ ತಂದಿತು.

ದೀಪದ ಕೆಲಸ ನೋಡಲು ಚೆಂದ. ಮೊದಲು ಪುಟ್ಟ ಬಟ್ಟಲಿಗೆ ಸ್ಪಿರಿಟ್ ಹಾಕಿ ಹೊತ್ತಿಸಿ, ಮೇಲಿನ ಕೊಳವೆಯನ್ನು ಕಾಯಿಸಬೇಕು. ಪಂಪಿನಿಂದ ಗಾಳಿ ಹಾಕಿದಾಗ ಟ್ಯಾಂಕಿನ ಎಣ್ಣೆ ಕೊಳವೆಗೇರಿ, ಆವಿಯಾಗಿ, ಸಣ್ಣ ರಂಧ್ರದಿಂದ ಚಿಮ್ಮುತ್ತದೆ. ಅದು ಗಾಳಿಯೊಂದಿಗೆ ಬೆರೆತು ಮ್ಯಾಂಟಲ್ ಒಳಗೆ ಉರಿದರೆ, ಸುಯ್ಯೆನ್ನುವ ಸದ್ದಿನೊಂದಿಗೆ ಬೆಳ್ಳನೆಯ ಬೆಳಕು. ಕೊಳವೆ ಸಾಕಷ್ಟು ಕಾಯದಿದ್ದರೆ ಎಣ್ಣೆ ಹಸಿಯಾಗಿಯೇ ಮೇಲೆ ಬಂದು ಭಗ್ಗನೆ ಹೊತ್ತಿಕೊಳ್ಳುತ್ತದೆ. ಒಮ್ಮೆ ಉರಿದ ಮ್ಯಾಂಟಲ್ ಬರೀ ಬೂದಿಯ ಬಲೆ, ಬೆರಳು ತಾಗಿದರೂ ಪುಡಿ. ಹಾಗಾಗಿಯೇ ಗ್ಯಾಸ್‌ಲೈಟ್ ಹೊತ್ತಿಸಬಲ್ಲವರಿಗೆ ಊರಿನಲ್ಲಿ ಬೇರೆಯೇ ಮರ್ಯಾದೆ ಇತ್ತು.

ಈ ಬೆಳಕು ಯಕ್ಷಗಾನದ ರಂಗವನ್ನೇ ಬದಲಿಸಿತು. ಅಲ್ಲಿಯವರೆಗೆ ದೀವಟಿಗೆಗಳಿಗೆ ಎಣ್ಣೆ ಹೊಯ್ಯುತ್ತಲೇ ಇರಬೇಕಿತ್ತು. ಅಲುಗಾಡುವ ಕೆಂಪು ಬೆಳಕಿನಲ್ಲಿ ವೇಷಗಳು ಮೂಡಿ ಮರೆಯಾಗುತ್ತಿದ್ದವು. ಗ್ಯಾಸ್‌ಲೈಟ್ ಬಂದ ಮೇಲೆ ಮುಖವರ್ಣಿಕೆಯ ಗೆರೆಗೆರೆಯೂ ದೂರಕ್ಕೆ ಕಂಡಿತು. 500 ಕ್ಯಾಂಡಲ್ ಶಕ್ತಿಯ ಪೆಟ್ರೋಮ್ಯಾಕ್ಸ್ 829 ಒಂದು ಲೀಟರ್ ಎಣ್ಣೆಗೆ ಸುಮಾರು 8 ಗಂಟೆ ಉರಿಯುತ್ತದೆ. ಬೆಳಗಿನವರೆಗಿನ ಆಟಕ್ಕೆ ಅಷ್ಟು ಸಾಕು, ನಡುನಡುವೆ ಗಾಳಿ ಹಾಕಬೇಕು ಅಷ್ಟೆ.

ಸಂಗ್ರಾಹಕರ ಕಣ್ಣಿಗೆ ಬೀಳುವುದು ಪೆಟ್ರೋಮ್ಯಾಕ್ಸ್ ಒಂದೇ ಅಲ್ಲ. ಸ್ವೀಡನ್ನಿನ ಆಪ್ಟಿಮಸ್, ರೇಡಿಯಸ್, ಪ್ರೈಮಸ್, ಇಂಗ್ಲೆಂಡಿನ ಟಿಲ್ಲಿ, ಅಮೆರಿಕದ ಕೋಲ್ಮನ್ ಎಲ್ಲವಕ್ಕೂ ಅವುಗಳದೇ ಅಭಿಮಾನಿಗಳಿದ್ದಾರೆ. ಅವರು ಮೊದಲು ನೋಡುವುದು ಟ್ಯಾಂಕಿನ ಮೇಲಿನ ಅಚ್ಚು, ಹಿತ್ತಾಳೆಯ ಗುಣ, ನಿಕ್ಕಲ್ ಲೇಪ, ಬಿಡಿಭಾಗಗಳು ಮೂಲದವೇ ಎಂಬುದನ್ನು. 829ರ ಮಾದರಿಯನ್ನು ಬೇರೆ ದೇಶಗಳ ಕಾರ್ಖಾನೆಗಳೂ ನಕಲು ಮಾಡಿದ್ದರಿಂದ, ಹೊಸ ತಲೆ, ಹಳೆಯ ಟ್ಯಾಂಕು ಸೇರಿಸಿದ ದೀಪಗಳೂ ಮಾರಾಟಕ್ಕೆ ಬರುತ್ತವೆ. ಅಚ್ಚು ಅಳಿಯುವಷ್ಟು ಉಜ್ಜಿ ಹೊಳಪು ತಂದರೆ ದೀಪದ ಚರಿತ್ರೆಯೇ ಅಳಿದಂತೆ.

ನನ್ನ ಮಟ್ಟಿಗೆ, ಕಪಾಟಿನಲ್ಲಿ ಹೊಳೆಯುವ ಹತ್ತು ದೀಪಗಳಿಗಿಂತ ಸರಿಯಾಗಿ ಉರಿಯುವ ಒಂದು ದೀಪ ದೊಡ್ಡದು. ಏಕೆಂದರೆ ಉಳಿಯಬೇಕಾದದ್ದು ಹಿತ್ತಾಳೆಯಷ್ಟೇ ಅಲ್ಲ, ಕೈಯ ಹದವೂ ಹೌದು. ಎಷ್ಟು ಕಾಯಿಸಬೇಕು, ಯಾವಾಗ ಗಾಳಿ ಹಾಕಬೇಕು, ರಂಧ್ರ ಕಟ್ಟಿಕೊಂಡರೆ ಪಿನ್ ಹೇಗೆ ಆಡಿಸಬೇಕು ಎಂಬುದನ್ನು ಹಿರಿಯರಿಂದ ನೋಡಿ ಕಲಿಯಬೇಕು. ಹಾಗೆ ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ.

ನಿಮ್ಮ ಅಟ್ಟದಲ್ಲಿ ಗ್ಯಾಸ್‌ಲೈಟ್ ಇದ್ದರೆ ಗುಜರಿಗೆ ಹಾಕಬೇಡಿ. ಟ್ಯಾಂಕಿನಲ್ಲಿ ಬಿರುಕಿದೆಯೇ ನೋಡಿ, ಒಣಗಿದ ಚರ್ಮದ ವಾಷರ್ ಬದಲಿಸಿ. ಸೀಮೆಎಣ್ಣೆಯ ದೀಪಕ್ಕೆ ಪೆಟ್ರೋಲ್ ಎಂದಿಗೂ ತುಂಬಬೇಡಿ. ಹಳೆಯ ಮ್ಯಾಂಟಲ್‌ಗಳಲ್ಲಿ ವಿಕಿರಣ ಸೂಸುವ ಥೋರಿಯಂ ಇರುವುದರಿಂದ ಅವುಗಳ ಬೂದಿಯನ್ನು ಉಸಿರಿಗೆಳೆದುಕೊಳ್ಳಬಾರದು. ಎಲ್ಲಕ್ಕೂ ಮೊದಲು ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಇದನ್ನು ಎಲ್ಲಿ ಕೊಂಡದ್ದು, ಯಾವ ಮದುವೆಗೆ, ಯಾವ ಆಟಕ್ಕೆ ಒಯ್ದದ್ದು, ಹೊತ್ತಿಸುತ್ತಿದ್ದವರು ಯಾರು? ಆ ಉತ್ತರಗಳನ್ನು ಬರೆದು ದೀಪದ ಜೊತೆಗೇ ಇಡಿ.