ದ್ವೀಪಾಂತರದಲ್ಲಿ ನಮ್ಮೂರ ವಿದ್ಯಾರ್ಥಿನಿ

ನಮ್ಮ ಉಮ್ಮತ್ತೂರು ಒಂದು ಕಾಲದಲ್ಲಿ ವಿಜಯನಗರದ ಅರಸರನ್ನೇ ಎದುರಿಸಿ ನಿಂತ ಪಾಳೆಯಗಾರರ ಸ್ಥಳ. ಈಗ ಚಾಮರಾಜನಗರದ ಸೀಮೆಯ ಒಂದು ಸಾಧಾರಣ ಗ್ರಾಮ. ನನ್ನ ಬಾಲ್ಯದಲ್ಲಿ ಇಲ್ಲಿಂದ ಮೈಸೂರಿಗೆ ಓದಲು ಹೋಗುವುದೇ ದೂರದೇಶದ ಪ್ರಯಾಣವೆನಿಸಿತ್ತು. ಹೀಗಿರಲು, ನನ್ನಲ್ಲಿ ಸಂಸ್ಕೃತವನ್ನು ಓದಿದ ರೈತರ ಮನೆಯ ಹುಡುಗಿಯೊಬ್ಬಳು 2024ನೆಯ ಇಸವಿಯ ಫೆಬ್ರವರಿಯಲ್ಲಿ ತೈವಾನ್ ದ್ವೀಪಕ್ಕೆ ಹೋಗಿ ಆರು ತಿಂಗಳು ಇದ್ದು ಬಂದಳು. ಅಲ್ಲಿಯ ಅವಳ ದಿನಚರಿಯನ್ನೂ, ಆ ಸಂಬಂಧದಲ್ಲಿ ನನ್ನಿಂದಾದ ಒಂದು ತಪ್ಪನ್ನೂ ವಾಚಕ ಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ತೈವಾನಿನ ಶಿಕ್ಷಣ ಮಂತ್ರಾಲಯವು ‘ಟೀಪ್’ ಎಂಬ ಹೆಸರಿನ ಯೋಜನೆಯೊಂದನ್ನು ನಡೆಸುತ್ತಿದೆ. ಇದರ ಮೂಲಕ ವಿದೇಶಗಳ ವಿದ್ಯಾರ್ಥಿಗಳು ಕೆಲವು ತಿಂಗಳ ಮಟ್ಟಿಗೆ ಅಲ್ಲಿಯ ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳಲ್ಲಿದ್ದು ಕೆಲಸವನ್ನು ಕಲಿಯಬಹುದು; ಜೊತೆಗೆ ಚೀನೀ ಭಾಷೆಯ ಪಾಠವೂ ಉಂಟು. ಈಗಿನವರು ‘ಇಂಟರ್ನ್‌ಷಿಪ್’ ಎನ್ನುವ ಈ ಕ್ರಮವನ್ನು ಗುರುಕುಲವಾಸದ ಹೊಸ ರೂಪವೆಂದರೂ ಸಲ್ಲುತ್ತದೆ. ನಮ್ಮ ಹುಡುಗಿಗೆ ದೊರೆತ ಊರು ಸಿಂಚು. 1980ರಲ್ಲಿ ಅಲ್ಲಿ ಸ್ಥಾಪಿತವಾದ ವಿಜ್ಞಾನ ಉದ್ಯಾನವು ಇಂದು ಗಣಕಯಂತ್ರಗಳ ಚಿಪ್ಪುಗಳ ತಯಾರಿಕೆಗೆ ಲೋಕಪ್ರಸಿದ್ಧವಾಗಿದೆ.

ಕಳುಹಿಸಬೇಕೆ ಬೇಡವೆ ಎಂದು ತಂದೆತಾಯಿಗಳು ನನ್ನನ್ನು ಕೇಳಿದರು. ಕಳುಹಿಸಿರೆಂದು ಬಲವಾಗಿ ಹೇಳಿದವನು ನಾನು. ಪ್ರಮಾಣಕ್ಕಾಗಿ ಇತ್ಸಿಂಗನ ಕಥೆಯನ್ನೂ ಹೇಳಿದೆ. ಕ್ರಿ.ಶ. 671ರಲ್ಲಿ ಆ ಚೀನೀ ಭಿಕ್ಷುವು ಹಡಗನ್ನೇರಿ ಹೊರಟು, ಶ್ರೀವಿಜಯದಲ್ಲಿ ಆರು ತಿಂಗಳು ನಿಂತು ಸಂಸ್ಕೃತ ವ್ಯಾಕರಣವನ್ನು ಕಲಿತು, ಅನಂತರ ನಾಲಂದೆಯಲ್ಲಿ ಸುಮಾರು ಹತ್ತು ವರ್ಷ ಓದಿದನು. ನಮ್ಮ ಮಕ್ಕಳು ಆರನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸವನ್ನೂ, ಎಂಟನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಗಳನ್ನೂ ಆರಂಭಿಸುತ್ತಿದ್ದರೆಂದು ಬರೆದಿಟ್ಟವನು ಆತನೇ. ಅವರು ಇಲ್ಲಿಗೆ ಬಂದು ಕಲಿತರು. ನಾವು ಅಲ್ಲಿಗೆ ಹೋಗಿ ಕಲಿತರೆ ತಪ್ಪೇನು ಎಂದೆನು. ತಾಯಿ ಮಾತ್ರ, “ಅಲ್ಲಿ ಉಣ್ಣಾಕೆ ಏನು ಸಿಕ್ತದೆ ಮೇಷ್ಟ್ರೆ?” ಎಂದು ಕೇಳಿದಳು. ಇದಕ್ಕೆ ಇತ್ಸಿಂಗನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ಹುಡುಗಿಯೇ ಕಂಡುಕೊಂಡಳು. ಆ ದ್ವೀಪದಲ್ಲಿ ಬೌದ್ಧಮತದ ಪ್ರಭಾವದಿಂದ ಸಸ್ಯಾಹಾರಿಗಳು ಬಹುಮಂದಿ ಇರುವರು. ‘ಸು’ ಎಂಬ ಒಂದು ಅಕ್ಷರವನ್ನು ಗುರುತಿಸಲು ಕಲಿತರೆ ಸಸ್ಯಾಹಾರದ ಅಂಗಡಿಯು ಗೊತ್ತಾಗುತ್ತದೆ. ಡಬ್ಬಿಯ ತಿಂಡಿಗಳ ಮೇಲೆ ಇದು ಶುದ್ಧ ಸಸ್ಯಾಹಾರ, ಇದರಲ್ಲಿ ಹಾಲುಂಟು, ಇದರಲ್ಲಿ ಮೊಟ್ಟೆಯುಂಟು, ಇದರಲ್ಲಿ ಈರುಳ್ಳಿ ಬೆಳ್ಳುಳ್ಳಿಗಳುಂಟು ಎಂದು ಬೇರೆಬೇರೆಯಾಗಿ ಮುದ್ರಿಸಿರುತ್ತಾರೆ. ಬೆಳ್ಳುಳ್ಳಿಯನ್ನು ಬಿಟ್ಟವರು ನಮ್ಮಲ್ಲಿ ಮಾತ್ರ ಇರುವರೆಂದು ತಿಳಿದಿದ್ದ ನನಗೆ ಇದು ಹೊಸ ಸಂಗತಿ. ಬೆಳಗ್ಗೆ ಸೋಯಾ ಕಾಳಿನ ಬಿಸಿ ಹಾಲು, ಮಧ್ಯಾಹ್ನ ಅನ್ನ ಮತ್ತು ಬೇಯಿಸಿದ ಸೊಪ್ಪು, ರಾತ್ರಿ ವಸತಿಗೃಹದಲ್ಲಿ ತಾನೇ ಕಲಸಿಕೊಂಡ ಉಪ್ಪಿನಕಾಯಿಯ ಅನ್ನ: ಹೀಗೆ ನಡೆಯಿತು. ಹುಳಿಯಿಲ್ಲದ, ಖಾರವಿಲ್ಲದ ಸೊಪ್ಪಿಗೆ ನಾಲಗೆ ಒಗ್ಗಲು ಒಂದು ತಿಂಗಳು ಹಿಡಿಯಿತಂತೆ.

ಭಾಷೆಯ ವಿಚಾರದಲ್ಲಿ ನಾನು ಕಲಿಸಿದ ಸಂಸ್ಕೃತವು ಸ್ವಲ್ಪ ನೆರವಾಯಿತೆಂದು ಬರೆದಿದ್ದಳು. ಚೀನೀ ಭಾಷೆಯಲ್ಲಿ ‘ಮಾ’ ಎಂಬ ಧ್ವನಿಯು ಸ್ವರಭೇದದಿಂದ ತಾಯಿಯೂ ಆಗುತ್ತದೆ, ಕುದುರೆಯೂ ಆಗುತ್ತದೆ, ಬೈಗುಳವೂ ಆಗುತ್ತದೆ. ಉದಾತ್ತಾನುದಾತ್ತಗಳನ್ನು ಕೇಳಿ ಬಲ್ಲ ಕಿವಿಗೆ ಇದು ತೀರ ಅಪರಿಚಿತವಲ್ಲ. ತೈವಾನಿನ ಮಕ್ಕಳು ಮೊದಲು ಕಲಿಯುವ ಉಚ್ಚಾರಣಸಂಕೇತಗಳು 37. ಅವುಗಳಲ್ಲಿ ವ್ಯಂಜನಗಳನ್ನು ನಮ್ಮ ವರ್ಣಮಾಲೆಯಂತೆಯೇ ಉಚ್ಚಾರಣಸ್ಥಾನವನ್ನು ಅನುಸರಿಸಿ ಜೋಡಿಸಿದೆ. ನಾವು ಕಂಠದಿಂದ ಆರಂಭಿಸುತ್ತೇವೆ, ಅವರು ತುಟಿಯಿಂದ ಆರಂಭಿಸುತ್ತಾರೆ.

ಗೃಹಸ್ಥರು ಗಮನಿಸತಕ್ಕ ಇನ್ನೊಂದು ಸಂಗತಿಯುಂಟು. ಸಂಜೆ ಕಸದ ಬಂಡಿಯು ಬೀಥೋವನನ ಸಂಗೀತವನ್ನು ನುಡಿಸುತ್ತ ಬೀದಿಗೆ ಬರುತ್ತದೆ. ಆ ನಾದವನ್ನು ಕೇಳುತ್ತಲೇ ಮನೆಮನೆಯವರೂ ಚೀಲಗಳನ್ನು ಹಿಡಿದು ಹೊರಬಂದು ತಾವೇ ಬಂಡಿಗೆ ಹಾಕುತ್ತಾರೆ. ಅಡಿಗೆಮನೆಯ ಕಸ ಬೇರೆ, ಕಾಗದ ಮತ್ತು ಸೀಸೆಗಳು ಬೇರೆ. ಕಸವನ್ನು ನೆಲಕ್ಕೆ ಮುಟ್ಟಿಸಬಾರದೆಂಬುದು ಅಲ್ಲಿಯ ನಿಯಮ.

ಹೀಗೆ ಎರಡು ತಿಂಗಳು ಸುಖವಾಗಿ ಕಳೆದುವು. ಏಪ್ರಿಲ್ 3ರಂದು ಬೆಳಗ್ಗೆ ಅಲ್ಲಿಯ ಗಡಿಯಾರದಲ್ಲಿ 7 ಗಂಟೆ 58 ನಿಮಿಷ. ತೈವಾನಿನ ಕಾಲವು ನಮಗಿಂತ ಎರಡೂವರೆ ಗಂಟೆ ಮುಂದಾದುದರಿಂದ ಇಲ್ಲಿ ಐದೂವರೆಯೂ ಆಗಿರಲಿಲ್ಲ. ಹ್ವಾಲಿಯೆನ್ ಸಮೀಪದಲ್ಲಿ 7.2 ಪ್ರಮಾಣದ ಭೂಕಂಪವಾಗಿ ದ್ವೀಪವೆಲ್ಲ ನಡುಗಿತು. ತಾಯಿ ಬಾಗಿಲಿಗೆ ನೀರು ಹಾಕುತ್ತಿದ್ದಾಗ ಮಗಳ ಕರೆ ಬಂದಿತು: “ಅವ್ವಾ, ನಾ ಚೆನ್ನಾಗಿವ್ನಿ.” ಅಷ್ಟರಲ್ಲಿ ಮಾತು ಕಡಿದುಹೋಯಿತು. ಮುಂದಿನ ಒಂದು ಗಂಟೆ ಆ ಮನೆಯ ಜಗಲಿಯಲ್ಲಿ ನಾನು ಕುಳಿತಿದ್ದುದನ್ನು ಮರೆಯಲಾರೆ. ತಾಯಿ ಅಳಲಿಲ್ಲ. “ಕಳಿಸಿ ಅಂದೋರು ನೀವು, ಈಗ ಕರೆಸೋರೂ ನೀವೇ ಆಗ್ಬೇಕು” ಎಂದಷ್ಟೇ ಹೇಳಿದಳು.

ಆಗ ನನ್ನ ತಪ್ಪು ನನಗೆ ಕಂಡಿತು. ಭೂಕಂಪವಾದುದು ನನ್ನ ತಪ್ಪಲ್ಲ. ಆದರೆ ಅದು ಭೂಕಂಪಗಳ ನಾಡೆಂಬುದನ್ನು ನಾನು ಆ ತಾಯಿಗೆ ಮೊದಲೇ ತಿಳಿಸಿರಲಿಲ್ಲ. 1999ರ ಸೆಪ್ಟೆಂಬರಿನಲ್ಲಿ ಅಲ್ಲಿ 2400ಕ್ಕೂ ಮಿಕ್ಕು ಜನರು ಸತ್ತಿದ್ದರು. ಇತ್ಸಿಂಗನ ಹಡಗಿನ ಕಥೆಯನ್ನು ಹೇಳಿದವನು ಸಮುದ್ರದ ಅಪಾಯವನ್ನು ಹೇಳಲಿಲ್ಲ.

ಮಧ್ಯಾಹ್ನ ಹುಡುಗಿಯ ಮಾತು ಸರಿಯಾಗಿ ಕೇಳಿಬಂದಿತು. ಮೇಜಿನ ಕೆಳಗೆ ಕುಳಿತಿದ್ದಳಂತೆ. ಪಕ್ಕದ ಕೋಣೆಯ ತೈವಾನಿನ ಹುಡುಗಿಯು ಬಂದು ಕೈಹಿಡಿದು ಮೆಟ್ಟಲಿನಿಂದ ಇಳಿಸಿದಳಂತೆ. 1999ರ ಅನಂತರ ಕಟ್ಟಡಗಳ ನಿಯಮಗಳನ್ನು ಬಿಗಿಗೊಳಿಸಿದ್ದರ ಫಲವು ಈ ಸಲ ಕಂಡಿತು. ಅಷ್ಟು ದೊಡ್ಡ ಕಂಪನಕ್ಕೆ ಸಾವುಗಳು ಕೆಲವೇ. ಇದನ್ನೆಲ್ಲ ನಾನು ತಾಯಿಗೆ ವಿವರಿಸಿದೆನು. ಅವಳು ಕೇಳಿದಳು, ಒಪ್ಪಲಿಲ್ಲ. ಹುಡುಗಿ ಮಾತ್ರ, “ಕೆಲ್ಸ ಅರ್ಧ ಆಗದೆ ಅವ್ವಾ, ಮುಗಿಸ್ಕೊಂಡೇ ಬರ್ತೀನಿ” ಎಂದಳು. ಬಹಳ ಹೊತ್ತಿನ ಮೇಲೆ ತಾಯಿ ಒಂದು ಷರತ್ತನ್ನು ಹಾಕಿದಳು: ಪ್ರತಿದಿನವೂ ಬೆಳಗ್ಗೆ ಐದೂವರೆಗೆ ಕರೆ ಬರಬೇಕು; ಒಂದು ಮಾತಾದರೂ ಸಾಕು. ಮುಂದಿನ ನಾಲ್ಕು ತಿಂಗಳೂ ಆ ಕರೆ ತಪ್ಪಲಿಲ್ಲ. ಜುಲೈ ಕೊನೆಯಲ್ಲಿ ಹುಡುಗಿಯು ಕ್ಷೇಮವಾಗಿ ಊರಿಗೆ ಬಂದಳು.

ಮಕ್ಕಳನ್ನು ಹೊರದೇಶಕ್ಕೆ ಕಳುಹಿಸುವ ಗೃಹಸ್ಥರಿಗೆ ನನ್ನ ವಿನಂತಿ ಇಷ್ಟೆ. ವಾಸದ ಸ್ಥಳ, ಆರೋಗ್ಯ ವಿಮೆ, ಮಾಸಿಕ ವೇತನದ ಮೊತ್ತ ಮತ್ತು ಅದು ಕೈಸೇರುವ ದಿನ ಇವುಗಳನ್ನು ಬರೆಹದಲ್ಲಿ ಪಡೆದುಕೊಳ್ಳಿ. ನಮ್ಮ ಹುಡುಗಿಗೆ ಮೊದಲ ವೇತನವು ತಡವಾಗಿ ಬಂದು, ತಂದೆ ಕೈಸಾಲ ಮಾಡಬೇಕಾಯಿತು. ಅದನ್ನೂ ನಾನು ವಿಚಾರಿಸಿರಲಿಲ್ಲ. ಆ ನಾಡಿನ ಗುಣಗಳ ಜೊತೆಗೆ ಅಪಾಯಗಳನ್ನೂ ತಾಯಂದಿರಿಗೆ ಮುಂಚಿತವಾಗಿ ಹೇಳಿರಿ. ತಿಳಿದು ಕೊಟ್ಟ ಒಪ್ಪಿಗೆಯೇ ಕಷ್ಟಕಾಲದಲ್ಲಿ ನಿಲ್ಲುತ್ತದೆ.

ಹುಡುಗಿ ಊರಿಗೆ ಬಂದ ಮೇಲೂ ಆ ತಾಯಿ ಐದೂವರೆಗೆ ದೂರವಾಣಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬಾಗಿಲಿಗೆ ನೀರು ಹಾಕುತ್ತಾಳೆ.