ಕಡಲಿಗಿಳಿಯಲು ಯಾವ ತಿಂಗಳು ಲೇಸು?

ಹವಳದ ದಿಬ್ಬಗಳ ನಡುವೆ ಮೀನುಗಳೊಡನೆ ಈಸಾಡುವ ಭಾಗ್ಯವು ಒಂದು ಕಾಲದಲ್ಲಿ ಮುತ್ತು ತೆಗೆಯುವವರಿಗೂ ನೌಕಾದಳದವರಿಗೂ ಮಾತ್ರ ಮೀಸಲಾಗಿದ್ದಿತು. 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬವರು, ಬೆನ್ನಿಗೆ ಕಟ್ಟಿದ ಕೊಳವೆಯಿಂದ ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಒದಗಿಸುವ ಸಾಧನವನ್ನು ನಿರ್ಮಿಸಿದ ಮೇಲೆ ಈ ಸ್ಥಿತಿ ಬದಲಾಯಿತು. ಇಂದು ಕಾಲೇಜಿನ ವಿದ್ಯಾರ್ಥಿಗಳೂ ತರಬೇತು ಪಡೆದು ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿಯಲ್ಲಿಯೋ, ದೂರದ ಅಂಡಮಾನ್ ದ್ವೀಪಗಳಲ್ಲಿಯೋ ಕಡಲಿಗಿಳಿಯುತ್ತಾರೆ. ಆದರೆ ಹೋಗುವುದು ಯಾವಾಗ? ರಜೆಯ ದಿನಗಳು ಮೊದಲೇ ಗೊತ್ತಾಗಿರುತ್ತವೆ. ಕಡಲಿನ ಮನಸ್ಸು ಗೊತ್ತಾಗಿರುವುದಿಲ್ಲ. ಈ ತೊಡಕನ್ನು ವಿಜ್ಞಾನವು ಎಷ್ಟರಮಟ್ಟಿಗೆ ಬಿಡಿಸಬಲ್ಲುದೆಂಬುದನ್ನು ಅಂಡಮಾನಿನ ನಿದರ್ಶನದಿಂದ ನೋಡೋಣ.

ನೇತ್ರಾಣಿಯ ಲೆಕ್ಕ ಸುಲಭವಾದದ್ದು. ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತವು ನಮ್ಮ ಕರಾವಳಿಯನ್ನು ನೇರವಾಗಿ ಬಡಿಯುವುದರಿಂದ ಆ ನಾಲ್ಕು ತಿಂಗಳು ಅಲ್ಲಿ ಮುಳುಗುವ ಮಾತೇ ಇಲ್ಲ. ಅಂಡಮಾನಾದರೋ ಎರಡು ಮಾರುತಗಳ ಹಾದಿಯಲ್ಲಿದೆ. ಕೇರಳವನ್ನು ಜೂನ್ 1ರ ಸುಮಾರಿಗೆ ಮುಟ್ಟುವ ಮುಂಗಾರು, ಅಂಡಮಾನ್ ಸಮುದ್ರಕ್ಕೆ ಮೇ ತಿಂಗಳ ಮೂರನೆಯ ವಾರದ ಸುಮಾರಿಗೇ ಬಂದಿರುತ್ತದೆ. ಅದು ಹಿಂದೆ ಸರಿದೊಡನೆ ಈಶಾನ್ಯ ಮಾರುತದ ಸರದಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಈ ದ್ವೀಪಗಳಲ್ಲಿ ಕಡಲು ಬಹುಮಟ್ಟಿಗೆ ಶಾಂತವಾಗಿರುವುದು ಫೆಬ್ರವರಿಯಿಂದ ಏಪ್ರಿಲಿನವರೆಗೆ. ಆ ಅವಧಿಯ ಕೊನೆಗೂ ಒಂದು ಕೊರತೆಯುಂಟು. ಬೇಸಗೆಯಲ್ಲಿ ನೀರು ಮಿತಿಮೀರಿ ಕಾದರೆ ಹವಳಗಳು ತಮ್ಮೊಳಗಿನ ಸೂಕ್ಷ್ಮ ಸಸ್ಯಗಳನ್ನು ಹೊರದೂಡಿ ಬಿಳಿಚಿಕೊಳ್ಳುತ್ತವೆ. 2010ರಲ್ಲಿ ಮತ್ತು 2016ರಲ್ಲಿ ಅಂಡಮಾನಿನಲ್ಲಿ ಹೀಗೆಯೇ ಆಯಿತು.

ಪ್ರವಾಸಕ್ಕೆ ಹೊರಡುವವರು ಸಾಮಾನ್ಯವಾಗಿ ಮಳೆಯ ಅಂಕಿಗಳನ್ನು ನೋಡಿ ತಿಂಗಳನ್ನು ಗೊತ್ತುಮಾಡುತ್ತಾರೆ. ಇದು ಸಾಲದು. ಮಳೆ ಬಂದರೆ ಕೇಡಲ್ಲ ಎಂಬ ಗಾದೆ ಮುಳುಗುವವನಿಗೂ ಬಹುಪಾಲು ಸಲ್ಲುತ್ತದೆ. ನೀರಿನೊಳಗಿರುವವನನ್ನು ಮಳೆ ತೋಯಿಸುವುದೆಂತು? ಹೊಳೆಗಳು ಕೆಸರನ್ನು ತಂದು ಸುರಿಯುವ ಕಡೆ ನೀರು ಕದಡುವುದು ನಿಜ. ಆದರೆ ಮುಖ್ಯವಾದ ಕೇಡಿರುವುದು ಗಾಳಿಯಲ್ಲಿ. ವಿಶಾಲವಾದ ಕಡಲಿನ ಮೇಲೆ ಬಹುಕಾಲ ಬೀಸಿದ ಗಾಳಿಯ ವೇಗ ಇಮ್ಮಡಿಯಾದರೆ ಅಲೆಯ ಎತ್ತರ ಸುಮಾರು ನಾಲ್ಮಡಿಯಾಗುತ್ತದೆ. ಅಲೆಯ ಕಲಕಾಟವು ಅದರ ಉದ್ದದ ಅರ್ಧದಷ್ಟು ಆಳಕ್ಕೆ ಇಳಿಯುತ್ತದೆ. ಸ್ಥಳೀಯ ಗಾಳಿಯಿಂದೆದ್ದ 20 ಮೀಟರ್ ಉದ್ದದ ಗಿಡ್ಡ ಅಲೆ 10 ಮೀಟರ್ ಆಳದಲ್ಲಿ ಅಡಗಿಹೋಗುವುದು. ದೂರದ ಬಿರುಗಾಳಿಯಿಂದ ಹೊರಟು ಬಂದ 100 ಮೀಟರ್ ಉದ್ದದ ಅಲೆ 50 ಮೀಟರ್ ಆಳದವರೆಗೂ ಮುಟ್ಟುವುದು. ಆದುದರಿಂದ ತಲೆಯ ಮೇಲೆ ಆಕಾಶ ತಿಳಿಯಾಗಿದ್ದರೂ ಅಡಿಯಲ್ಲಿ ಮರಳೆದ್ದು ಕಣ್ಣು ಕಾಣದಿರಬಹುದು.

ಗಾಳಿಯ ದಿಕ್ಕಿನಿಂದಲೂ ಪ್ರಯೋಜನ ಪಡೆಯಬಹುದು. ಸ್ವರಾಜ್ ದ್ವೀಪವನ್ನು (2018ರವರೆಗೆ ಇದರ ಹೆಸರು ಹ್ಯಾವ್‌ಲಾಕ್) ತೆಗೆದುಕೊಳ್ಳೋಣ. ಪಶ್ಚಿಮಕ್ಕೆ ಮುಖಮಾಡಿದ ಅಲ್ಲಿನ ರಾಧಾನಗರ ತೀರವು ನೈಋತ್ಯ ಮಾರುತದಲ್ಲಿ ಭೋರ್ಗರೆಯುವಾಗ, ಪೂರ್ವದ ವಿಜಯನಗರ ತೀರಕ್ಕೆ ದ್ವೀಪವೇ ಗೋಡೆಯಾಗಿ ನಿಲ್ಲುತ್ತದೆ. ಈಶಾನ್ಯ ಮಾರುತ ಬೀಸುವಾಗ ಪಾತ್ರಗಳು ಅದಲುಬದಲಾಗುತ್ತವೆ.

ಹಾಗಾದರೆ ಇಂಥ ದಿನ ಗಾಳಿ ಬೀಸುವುದೆಂದು ಮೂರು ತಿಂಗಳು ಮುಂಚೆ ಹೇಳಬಹುದೆ? ಸಾಧ್ಯವಿಲ್ಲ. ವಾಯುಮಂಡಲದ ಇಂದಿನ ಸ್ಥಿತಿಯನ್ನು ಅಳೆಯುವಾಗ ಆಗುವ ಅತ್ಯಲ್ಪ ವ್ಯತ್ಯಾಸವೂ ದಿನೇ ದಿನೇ ಬೆಳೆದು ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವುದೆಂಬುದನ್ನು ಲೊರೆನ್ಜ್ 1963ರಲ್ಲಿ ವಿವರಿಸಿದರು. ದಿನವಾರು ಮುನ್ಸೂಚನೆಗೆ ಸುಮಾರು ಎರಡು ವಾರಗಳೇ ಎಲ್ಲೆ. ಅದರಾಚೆಗೂ ಒಂದು ಮಸುಕಾದ ಸುಳಿವು ದೊರೆಯುವುದುಂಟು. 1971ರಲ್ಲಿ ಮ್ಯಾಡೆನ್ ಮತ್ತು ಜೂಲಿಯನ್ ಎಂಬವರು ಉಷ್ಣವಲಯದಲ್ಲಿ 30ರಿಂದ 60 ದಿನಗಳಿಗೊಮ್ಮೆ ಮರುಕಳಿಸುವ ಒಂದು ಮಹಾ ಏರಿಳಿತವನ್ನು ಗುರುತಿಸಿದರು. ಮೋಡಗಳ ಈ ಮೆರವಣಿಗೆ ಹಿಂದೂ ಸಾಗರದ ಮೇಲೆ ಪೂರ್ವಾಭಿಮುಖವಾಗಿ ಸಾಗುವಾಗ ಮಳೆಗಾಳಿ ಹೆಚ್ಚುವ ಸಂಭವ ಅಧಿಕ. ಅದು ದಾಟಿದ ಮೇಲೆ ಬಿಡುವಿನ ಸಂಭವ ಅಧಿಕ.

ಇಲ್ಲಿ ಗಣಿತವು ಒಂದು ಮುಖ್ಯ ಪಾಠವನ್ನು ಕಲಿಸುತ್ತದೆ. ಯಾವುದೇ ದಿನ ಕಡಲು ಕೆಟ್ಟಿರುವ ಸಂಭವ ನಾಲ್ಕರಲ್ಲಿ ಒಂದು ಎಂದು ಉದಾಹರಣೆಗಾಗಿ ಇಟ್ಟುಕೊಳ್ಳೋಣ. ದಿನಗಳಿಗೆ ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ಮೂರು ದಿನದ ಪ್ರವಾಸ ಪೂರ್ತಿ ಕೆಡುವ ಸಂಭವ 64ರಲ್ಲಿ 1 ಮಾತ್ರ. ಆದರೆ ಹವೆಯು ನಾಣ್ಯ ಚಿಮ್ಮಿದಂತಲ್ಲ. ಇಂದು ಕೆಟ್ಟಿದ್ದರೆ ನಾಳೆಯೂ ಕೆಟ್ಟಿರುವುದೇ ಹೆಚ್ಚು. ಕೆಟ್ಟ ದಿನದ ಮರುದಿನವೂ ಕೆಟ್ಟಿರುವ ಸಂಭವ ನಾಲ್ಕರಲ್ಲಿ ಮೂರು ಎನ್ನುವುದಾದರೆ, ಮೂರು ದಿನವೂ ಕೆಡುವ ಸಂಭವ 64ರಲ್ಲಿ 9ಕ್ಕೇರುತ್ತದೆ: ಒಂಬತ್ತು ಪಟ್ಟು! ವಾಯುಭಾರ ಕುಸಿತವೊಂದು ಬಂದರೆ ಹಲವು ದಿನ ನಿಲ್ಲುವುದರಿಂದ, ಅದಕ್ಕಿಂತ ಹೆಚ್ಚು ದಿನ ತಂಗುವವನಿಗೇ ಕಡಲು ಒಲಿದೀತು. ಎರಡು ಸಲ ಮೂರು ಮೂರು ದಿನ ಹೋಗಲು ಕೈಲಾಗದವರು ಒಂದೇ ಸಲ ಎಂಟು ದಿನ ಹೋಗುವುದು ಮೇಲು.

ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಮೇ ತಿಂಗಳಿನಲ್ಲಿಯೂ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಹುಟ್ಟುವುದುಂಟು. 2016ರ ಡಿಸೆಂಬರ್ 12ರಂದು ಚೆನ್ನೈಯನ್ನು ಅಪ್ಪಳಿಸಿದ ‘ವರ್ದಾ’ ಅದಕ್ಕೆ ಮುನ್ನ ಅಂಡಮಾನಿನ ಬಳಿ ಬಲಿಯುತ್ತಿದ್ದಾಗ, ಹಡಗುಗಳು ನಿಂತುಹೋಗಿ ನೂರಾರು ಪ್ರವಾಸಿಗಳು ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಿಕ್ಕಿಬಿದ್ದರು. ಅವರನ್ನು ಕರೆತರಲು ನೌಕಾದಳದ ಹಡಗುಗಳೇ ಹೋಗಬೇಕಾಯಿತು.

ಹವೆಯ ಲೆಕ್ಕಕ್ಕೆ ದೇಹದ ಲೆಕ್ಕವೂ ಕೂಡಬೇಕು. ಪ್ರತಿ 10 ಮೀಟರ್ ಆಳಕ್ಕೂ ಒತ್ತಡವು ಒಂದು ವಾಯುಭಾರದಷ್ಟು ಹೆಚ್ಚುವುದರಿಂದ, ಉಸಿರಾಡಿದ ಗಾಳಿಯ ಸಾರಜನಕವು ರಕ್ತದಲ್ಲಿಯೂ ಮಾಂಸದಲ್ಲಿಯೂ ಹೆಚ್ಚಾಗಿ ಕರಗುತ್ತದೆ. ಒತ್ತಡವು ಥಟ್ಟನೆ ಇಳಿದರೆ, ಸೋಡಾ ಸೀಸೆಯ ಬಿರಡೆ ತೆಗೆದಾಗಿನಂತೆ, ಅದು ಗುಳ್ಳೆಗಳಾಗಿ ಹೊರಬಿದ್ದು ಕೀಲುಗಳನ್ನೂ ನರಗಳನ್ನೂ ಪೀಡಿಸಬಹುದು. ಮೆಟ್ಟಲು ಮೆಟ್ಟಲಾಗಿ ಮೇಲೇರುವ ಕ್ರಮವನ್ನು ಹಾಲ್ಡೇನ್ 1908ರಲ್ಲಿಯೇ ಪ್ರಕಟಿಸಿದರು. ವಿಮಾನದೊಳಗಿನ ಒತ್ತಡವು ಸುಮಾರು 1800ರಿಂದ 2400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟೇ ಇರುವುದರಿಂದ, ಹಲವು ದಿನ ಮುಳುಗಿದವರು ಕಡೆಯ ಮುಳುಗಿನ ನಂತರ ಕನಿಷ್ಠ 18 ಗಂಟೆ ಕಾದು ವಿಮಾನವೇರಬೇಕೆಂಬುದು ಇಂದಿನ ನಿಯಮ.

ಇವೆಲ್ಲವನ್ನೂ ಕೂಡಿಸಿದರೆ ನಮ್ಮ ಯೋಜನೆ ತಾನಾಗಿಯೇ ರೂಪುಗೊಳ್ಳುತ್ತದೆ. ಫೆಬ್ರವರಿ ಅಥವಾ ಮಾರ್ಚನ್ನು ಆರಿಸುವುದು. ಮುಳುಗುವ ದಿನಗಳನ್ನು ಮೊದಲಿಗಿಟ್ಟು, ಸೆಲ್ಯುಲರ್ ಜೈಲಿನಂಥ ನೆಲದ ಮೇಲಣ ನೋಟಗಳನ್ನು ಕೊನೆಗಿಡುವುದು. ವಿಮಾನಕ್ಕೆ ಎರಡು ದಿನ ಮುಂಚೆಯೇ, ಹಿಂದೆ ಪೋರ್ಟ್ ಬ್ಲೇರ್ ಎನಿಸಿದ್ದು 2024ರಲ್ಲಿ ಶ್ರೀ ವಿಜಯಪುರವಾದ ಊರಿಗೆ ಮರಳುವುದು. ಆ ಎರಡು ದಿನಗಳಲ್ಲಿ ಸಾರಜನಕವೂ ಹೊರಹೋಗುವುದು. ಹಡಗು ನಿಂತರೂ ವಿಮಾನ ತಪ್ಪದು. ಹೊರಡುವ ವಾರದಲ್ಲಿ ಹವಾಮಾನ ಇಲಾಖೆಯ ಸೂಚನೆಗಳನ್ನೂ, 1999ರಲ್ಲಿ ಸ್ಥಾಪಿತವಾದ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಕೊಡುವ ಅಲೆಗಳ ಮುನ್ಸೂಚನೆಯನ್ನೂ ದಿನವೂ ನೋಡತಕ್ಕದ್ದು.

ಇಷ್ಟಾದರೂ ಕೊನೆಯ ತೀರ್ಮಾನವು ಆ ದಿನದ ಬೆಳಗ್ಗೆ ದೋಣಿಯ ಬಳಿಯೇ ಆಗಬೇಕು. ದೂರದಿಂದ ಬಂದಿದ್ದೇವೆ, ಹಣ ತೆತ್ತಿದ್ದೇವೆ ಎಂಬ ಹಳಹಳಿಕೆಗೆ ಸಿಕ್ಕಿ ಒಲ್ಲದ ಕಡಲಿಗೆ ಇಳಿಯುವವರುಂಟು. ತೆತ್ತ ಹಣದ ಲೆಕ್ಕ ಅಲೆಗಳಿಗೆ ತಿಳಿಯದು. ಯೋಜನೆಯಲ್ಲಿ ಬಿಡುವಿನ ದಿನಗಳನ್ನು ಇಟ್ಟುಕೊಂಡವನು ಮಾತ್ರ “ಇಂದು ಬೇಡ, ನಾಳೆ ನೋಡೋಣ” ಎಂದು ನಿಶ್ಚಿಂತೆಯಿಂದ ಹೇಳಬಲ್ಲನು.