ಎಎ ಮೀಟಿಂಗ್: ಕುಡಿತ ಬಿಡಬೇಕೆನ್ನುವವರ ಕೂಟ

ಕುಡಿತ ಬಿಟ್ಟವರು, ಬಿಡಬೇಕೆಂದು ಒದ್ದಾಡುತ್ತಿರುವವರು ಒಂದೆಡೆ ಕೂತು ತಮ್ಮ ಪಾಡು ಹೇಳಿಕೊಳ್ಳುವ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್. ಬಳಕೆಯ ಹೆಸರು ಎಎ. ಇದು ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ. ವ್ಯವಹಾರಕ್ಕೆಂದು ಅಲ್ಲಿಗೆ ಬಂದಿದ್ದ ನ್ಯೂಯಾರ್ಕಿನ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ಕೆಲಸ ಕೆಟ್ಟಿತು, ಮನಸ್ಸು ಮತ್ತೆ ಬಾರಿನ ಕಡೆ ಎಳೆಯತೊಡಗಿತು. ಆಗ ಆತ ಹುಡುಕಿದ್ದು ವೈದ್ಯರನ್ನಲ್ಲ, ತನ್ನಂಥದೇ ಇನ್ನೊಬ್ಬ ಕುಡುಕನನ್ನು. ಸಿಕ್ಕವರು ಮಾತ್ರ ವೈದ್ಯರೇ, ಕುಡಿತದಿಂದ ನಲುಗಿದ್ದ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್. ಡಾ. ಬಾಬ್ ಕೊನೆಯ ಸಲ ಕುಡಿದ ಜೂನ್ 10ನ್ನೇ ಎಎ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಕುಡಿತದಿಂದ ಹೊರಬರಲು ಎಎ ಹೇಳುವ ಹನ್ನೆರಡು ಮೆಟ್ಟಿಲುಗಳನ್ನು ವಿವರಿಸುವ ಪುಸ್ತಕ 1939ರಲ್ಲಿ ಬಂತು. ಕೂಟಕ್ಕೆ ಹೆಸರು ಬಂದದ್ದೂ ಆ ಪುಸ್ತಕದಿಂದಲೇ. ಭಾರತದಲ್ಲಿ ಸಭೆಗಳು ಶುರುವಾದದ್ದು 1957ರಲ್ಲಿ.

ಸದಸ್ಯತ್ವಕ್ಕೆ ಇರುವುದು ಒಂದೇ ಷರತ್ತು, ಕುಡಿತ ಬಿಡಬೇಕೆಂಬ ಆಸೆ. ಶುಲ್ಕವಿಲ್ಲ, ಅರ್ಜಿಯಿಲ್ಲ, ಹಾಜರಿ ಪುಸ್ತಕವಿಲ್ಲ. ಸಭೆಗಳು ಸಾಮಾನ್ಯವಾಗಿ ನಡೆಯುವುದು ಶಾಲೆಯ ಕೊಠಡಿಯಲ್ಲಿ, ಚರ್ಚಿನ ಹಿಂಬದಿಯ ಹಾಲಿನಲ್ಲಿ ಅಥವಾ ಆಸ್ಪತ್ರೆಯ ಒಂದು ಕೋಣೆಯಲ್ಲಿ. ಜಾಗ ಯಾವ ಧರ್ಮದವರದೇ ಆಗಿರಲಿ, ಕೂಟಕ್ಕೂ ಆ ಧರ್ಮಕ್ಕೂ ಸಂಬಂಧವಿಲ್ಲ. ಎಎ ಸಹಾಯವಾಣಿಗೆ ಕರೆ ಮಾಡಿದರೆ ಹತ್ತಿರದ ಸಭೆಯ ಜಾಗ, ವೇಳೆ, ಭಾಷೆ ಎಲ್ಲವೂ ತಿಳಿಯುತ್ತದೆ. ಫೋನ್ ಎತ್ತುವವರು ಹೆಚ್ಚಾಗಿ ತಾವೇ ಕುಡಿತ ಬಿಟ್ಟವರು. ಒಬ್ಬರೇ ಬರಲು ಅಳುಕಿದರೆ ಜೊತೆಗೆ ಕರೆದೊಯ್ಯಲು ಸದಸ್ಯರೊಬ್ಬರು ಬರುವುದೂ ಉಂಟು. ಸಭೆಗಳಲ್ಲಿ ಎರಡು ಬಗೆ: ಮುಕ್ತ ಸಭೆಗೆ ಮನೆಯವರು, ಆಸಕ್ತರು ಯಾರು ಬೇಕಾದರೂ ಬರಬಹುದು, ಮುಚ್ಚಿದ ಸಭೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. 2020ರ ನಂತರ ಆನ್‌ಲೈನ್ ಸಭೆಗಳೂ ಹೆಚ್ಚಿದವು.

ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ತಡೆಯುವುದು ನಾಚಿಕೆ. ಪರಿಚಯದವರು ಕಂಡಾರು, ಊರೆಲ್ಲ ಸುದ್ದಿಯಾದೀತು ಎಂಬ ಭಯ. ಸಭೆಯ ಒಂದೊಂದು ಪದ್ಧತಿಯೂ ಈ ನಾಚಿಕೆಯನ್ನು ಕರಗಿಸುವಂತೆಯೇ ರೂಪುಗೊಂಡಿದೆ. ಸಾಲಾಗಿಯೋ ಸುತ್ತಲೋ ಹಾಕಿದ ಕುರ್ಚಿಗಳು, ಮೇಜಿನ ಮೇಲೆ ಒಂದೆರಡು ಪುಸ್ತಕ, ಪಕ್ಕದಲ್ಲಿ ಟೀ ಫ್ಲಾಸ್ಕು. ಅಧ್ಯಕ್ಷತೆ ಸರದಿಯ ಮೇಲೆ ಬರುತ್ತದೆ. ಚಿಕ್ಕದೊಂದು ಪ್ರಾರ್ಥನೆ, ಮೆಟ್ಟಿಲುಗಳ ಓದು, ಆಮೇಲೆ ಶೇರಿಂಗ್, ಅಂದರೆ ಒಬ್ಬೊಬ್ಬರಾಗಿ ತಮ್ಮ ಪಾಡು ಹೇಳಿಕೊಳ್ಳುವುದು. ಮಾತಾಡುವವರು ಮೊದಲ ಹೆಸರು ಮಾತ್ರ ಹೇಳಿ, ತಾವು ಮದ್ಯವ್ಯಸನಿ ಎಂದು ಸೇರಿಸುತ್ತಾರೆ. ಉಳಿದವರು ಒಟ್ಟಿಗೆ ನಮಸ್ಕರಿಸುತ್ತಾರೆ. ಸಂಬಳದ ದಿನ ಮನೆಗೆ ತಲುಪದ ದುಡ್ಡು, ಮಗಳ ಶಾಲೆಯಲ್ಲಿ ಆದ ಅವಮಾನ, ಬೆಳಿಗ್ಗೆ ನಡುಗುವ ಕೈ, ಇವೆಲ್ಲ ಅಲ್ಲಿ ಮುಚ್ಚುಮರೆಯಿಲ್ಲದೆ ಹೊರಬರುತ್ತವೆ. ಒಬ್ಬರು ಹೇಳಿ ಮುಗಿಸಿದಾಗ ಯಾರೂ ತಿದ್ದುವುದಿಲ್ಲ, ಪ್ರಶ್ನಿಸುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮುಂದಿನವರು ತಮ್ಮ ಕಥೆ ಶುರುಮಾಡುತ್ತಾರೆ, ಅಷ್ಟೇ. ವರ್ಷಗಟ್ಟಲೆ ಬೈಗುಳವನ್ನೋ ಉಪದೇಶವನ್ನೋ ಕೇಳಿ ದಣಿದವರಿಗೆ ಈ ಮೌನಕ್ಕಿಂತ ದೊಡ್ಡ ಮರ್ಯಾದೆ ಇಲ್ಲ.

ಹೊಸಬರು ಮಾತಾಡಲೇಬೇಕೆಂದಿಲ್ಲ. ಸುತ್ತು ಬರುವ ಚೀಲಕ್ಕೆ ದುಡ್ಡನ್ನೂ ಹಾಕಬೇಕಿಲ್ಲ. ಬಾಡಿಗೆ, ಟೀ, ಪುಸ್ತಕಗಳ ಖರ್ಚು ಸದಸ್ಯರ ಕಾಣಿಕೆಯಿಂದಲೇ ಸಾಗುತ್ತದೆ, ಹೊರಗಿನವರ ದೇಣಿಗೆಯನ್ನು ಎಎ ಮುಟ್ಟುವುದಿಲ್ಲ. ಸಭೆಯಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು. ಜೀವಮಾನವಿಡೀ ಕುಡಿಯುವುದಿಲ್ಲವೆಂಬ ಆಣೆಯನ್ನು ಯಾರೂ ಮಾಡಿಸುವುದಿಲ್ಲ. ಇವತ್ತೊಂದು ದಿನ ಮೊದಲ ಪೆಗ್ ಮುಟ್ಟದಿದ್ದರೆ ಸಾಕು, ನಾಳೆಯದು ನಾಳೆಗೆ. ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತದೆ. ಅದನ್ನು ತಮತಮಗೆ ತೋಚಿದಂತೆ ತಿಳಿಯಲು ಅಡ್ಡಿಯಿಲ್ಲ, ನಂಬದವರೂ ಬರುತ್ತಾರೆ. ಕೆಲವು ಸಭೆಗಳ ನಂತರ ಹೊಸಬರು ಹಳಬರೊಬ್ಬರನ್ನು ಸ್ಪಾನ್ಸರ್, ಅಂದರೆ ದಾರಿ ತೋರುವ ಜೊತೆಗಾರರಾಗಿ ಆರಿಸಿಕೊಳ್ಳುತ್ತಾರೆ. ಚಪಲ ಏರಿದ ರಾತ್ರಿ ಫೋನ್ ಮಾಡಬಹುದಾದ ಒಂದು ನಂಬರ್ ಜೇಬಿನಲ್ಲಿರುವುದು ಸಣ್ಣ ಸಂಗತಿಯಲ್ಲ. ಮತ್ತೆ ಕುಡಿದವರಿಗೂ ಬಾಗಿಲು ಮುಚ್ಚುವುದಿಲ್ಲ. ಒಂದು ಸಭೆ ಒಗ್ಗದಿದ್ದರೆ ಇನ್ನೊಂದನ್ನು ನೋಡಬೇಕು, ಗುಂಪಿನಿಂದ ಗುಂಪಿಗೆ ರೀತಿ ಬೇರೆ.

ಎಎ ಚಿಕಿತ್ಸೆಯಲ್ಲ, ಇದನ್ನು ಒತ್ತಿ ಹೇಳಬೇಕು. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲೆರಡು ದಿನಗಳಲ್ಲೇ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ಗೊಂದಲ ಕಾಣಿಸಿ ಜೀವಕ್ಕೇ ಅಪಾಯವಾಗಬಹುದು. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿಯ 14446 ಮತ್ತು ಮಾನಸಿಕ ಆರೋಗ್ಯ ಸೇವೆಯಾದ ಟೆಲಿಮಾನಸ್‌ನ 14416 ಉಚಿತ ಸಹಾಯವಾಣಿಗಳು. ಚಿಕಿತ್ಸೆಯೂ ಸಭೆಯೂ ಒಟ್ಟಿಗೆ ಸಾಗಬಲ್ಲವು. ವೈದ್ಯಕೀಯ ಅಧ್ಯಯನಗಳನ್ನು ಪರಾಮರ್ಶಿಸುವ ಕಾಕ್ರೇನ್ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ತೂಗಿನೋಡಿದಾಗ, ರೋಗಿಗಳನ್ನು ಎಎ ಕಡೆಗೆ ವ್ಯವಸ್ಥಿತವಾಗಿ ಒಯ್ಯುವ ಚಿಕಿತ್ಸಾಕ್ರಮವು ಪೂರ್ತಿ ಕುಡಿತ ಬಿಡಿಸುವುದರಲ್ಲಿ ಇತರ ಮಾನಸಿಕ ಚಿಕಿತ್ಸೆಗಳಿಗಿಂತ ಮುಂದಿತ್ತು.

ಕರ್ನಾಟಕದ ಹಳ್ಳಿಗಳಲ್ಲಿ ಇದೇ ಬಗೆಯ ಆಸರೆ ಇನ್ನೊಂದು ದಾರಿಯಿಂದ ಬಂದಿದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಶಿಬಿರದಲ್ಲಿ ಬಿಟ್ಟದ್ದನ್ನು ಊರಿಗೆ ಮರಳಿದ ಮೇಲೂ ಬಿಟ್ಟೇ ಇರಲು ಒಬ್ಬರಿಗೊಬ್ಬರು ಬೆಂಬಲವಾಗುತ್ತಾರೆ.

ಕುಡಿಯುವವರ ಜೊತೆ ಬಾಳುವವರಿಗೆ ಬೇರೆಯದೇ ಕೂಟವಿದೆ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ ಮುಂದಾಗಿ 1951ರಲ್ಲಿ ಕಟ್ಟಿದ ಅಲ್-ಅನಾನ್ ಅದು. ಹದಿಹರೆಯದ ಮಕ್ಕಳಿಗೆ ಅಲಟೀನ್. ಕುಡಿಯುವವರು ಬಿಡುವ ತನಕ ಕಾಯಬೇಕಿಲ್ಲ. ಅವರು ಒಂದು ಸಭೆಗೂ ಬಾರದಿದ್ದರೂ ಹೆಂಡತಿಯೋ ತಾಯಿಯೋ ಮಗನೋ ಇಲ್ಲಿಗೆ ಬರಬಹುದು.